ವಿಜ್ಞಾನ, ಎಂಜಿನಿಯರಿಂಗ್ ಮತ್ತು ಸ್ತ್ರೀವಾದಿ ಶಿಕ್ಷಣವನ್ನು ಒಂದೇ ಸಂಶೋಧನೆಯಲ್ಲಿ ಹೆಣೆಯುವ ಬಗೆ: ಅಘನಾಶಿನಿ ಅಳಿವೆಯ ಒಂದು ಮಾದರಿ

ಅಂತರ್‌ಶಿಸ್ತೀಯ ಸಂಶೋಧನೆ ಎಂಬ ಹೆಸರಿನಲ್ಲಿ ನಮ್ಮ ಕಾಲೇಜುಗಳಿಂದ ಹೊರಬರುವ ವರದಿಗಳಲ್ಲಿ ಬಹಳಷ್ಟು, ಒಂದೇ ರಟ್ಟಿನೊಳಗೆ ಹೊಲಿದಿಟ್ಟ ಮೂರು ಬೇರೆ ಬೇರೆ ವರದಿಗಳಾಗಿರುತ್ತವೆ. ಜೀವವಿಜ್ಞಾನದವರು ಜೀವಿಗಳನ್ನು ಎಣಿಸಿರುತ್ತಾರೆ, ಎಂಜಿನಿಯರಿಂಗ್‌ನವರು ಒಂದು ಉಪಕರಣದ ನಕ್ಷೆ ಬರೆದಿರುತ್ತಾರೆ, ಎಲ್ಲ ಮುಗಿದ ಮೇಲೆ ಯಾರೋ ಒಬ್ಬ ಅಧ್ಯಾಪಕಿಗೆ ‘ಮಹಿಳೆಯರ ಪಾತ್ರ’ ಎಂಬ ಕೊನೆಯ ಅಧ್ಯಾಯವನ್ನು ಬರೆದುಕೊಡುವಂತೆ ಹೇಳಿರುತ್ತಾರೆ. ಅಷ್ಟು ಹೊತ್ತಿಗೆ ಅಳತೆಗಳೆಲ್ಲ ಮುಗಿದಿರುವುದರಿಂದ ಆ ಅಧ್ಯಾಯಕ್ಕೆ ಏನನ್ನೂ ಬದಲಿಸುವ ಶಕ್ತಿ ಇರುವುದಿಲ್ಲ. ಸ್ತ್ರೀವಾದಿ ಪ್ರಶ್ನೆ ಸಂಶೋಧನೆಯೊಳಗೆ ಬರಬೇಕಾದದ್ದು ಅಳತೆಯ ಕೋಷ್ಟಕವನ್ನು ಗೀಚುವ ಮೊದಲೇ, ಏನನ್ನು ಅಳೆಯಬೇಕು, ಯಾವ ಹೊತ್ತಿನಲ್ಲಿ ಅಳೆಯಬೇಕು, ಯಾವುದರಿಂದ ಭಾಗಿಸಬೇಕು ಎಂದು ತೀರ್ಮಾನಿಸುವ ಹಂತದಲ್ಲೇ ಎಂಬುದು ಈ ಬರಹದ ನಿಲುವು. ಕಾರವಾರ, ಕುಮಟಾ, ಶಿರಸಿಯ ಕಡೆಯ ಅಧ್ಯಾಪಕರಿಗೂ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಅನುಕೂಲವಾಗಲೆಂದು ಅಘನಾಶಿನಿ ಅಳಿವೆಯಲ್ಲಿ, ಅಂದರೆ ಆ ನದಿ ಸಮುದ್ರ ಸೇರುವೆಡೆಯಲ್ಲಿ, ಬಳಚು ಎಂಬ ಚಿಪ್ಪಿನ ಜೀವಿಯನ್ನು ಹೆಕ್ಕುವ ಹೆಂಗಸರ ಕೆಲಸವನ್ನೇ ಇಲ್ಲಿ ಮಾದರಿಯಾಗಿ ತೆಗೆದುಕೊಂಡಿದೆ.

ಶಿರಸಿಯ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಸಮುದ್ರ ಸೇರುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಕಾಳಿ, ಶರಾವತಿ ನದಿಗಳ ಅಳಿವೆಗಳಿಗೆ ವಿದ್ಯುದಾಗಾರಗಳಿಂದ ಬಿಟ್ಟ ಸಿಹಿನೀರು ವರ್ಷವಿಡೀ ಬಂದು ಸೇರುತ್ತದೆ. ಅಘನಾಶಿನಿಯಲ್ಲಿ ಮಾತ್ರ ಮಳೆಗಾಲದ ಸಿಹಿನೀರು ಮತ್ತು ಬೇಸಿಗೆಯ ಉಪ್ಪುನೀರಿನ ಏರಿಳಿತ ಸ್ವಾಭಾವಿಕವಾಗಿಯೇ ಉಳಿದಿದೆ. 4,801 ಹೆಕ್ಟೇರ್ ವಿಸ್ತೀರ್ಣದ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು 2024ರ ಜನವರಿಯಲ್ಲಿ ಪ್ರಕಟಿಸಲಾಯಿತು. ಬಳಚು, ಕಲ್ಗ ಮೊದಲಾದ ಚಿಪ್ಪಿನ ಜೀವಿಗಳು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪಿನಾಗರ ಎಲ್ಲವೂ ಇದೇ ಉಪ್ಪು-ಸಿಹಿ ನೀರಿನ ಲೆಕ್ಕದ ಮೇಲೆ ನಿಂತಿವೆ. ಜೀವವಿಜ್ಞಾನ, ಎಂಜಿನಿಯರಿಂಗ್, ಶಿಕ್ಷಣ ಮೂರಕ್ಕೂ ಇಲ್ಲಿ ಕೆಲಸವಿದೆ, ಮತ್ತು ಮೂರೂ ಒಂದೇ ಕೆಸರಿನಲ್ಲಿ ಕಾಲಿಡಬೇಕಾಗುತ್ತದೆ.

ಪ್ರಶ್ನೆಯನ್ನು ಕಟ್ಟುವುದು

‘ಅಳಿವೆಯಲ್ಲಿ ಬಳಚಿನ ಸ್ಥಿತಿಗತಿ’ ಎಂಬುದು ವಿಷಯವೇ ಹೊರತು ಪ್ರಶ್ನೆಯಲ್ಲ. ಮೀನುಗಾರಿಕಾ ವಿಜ್ಞಾನದಲ್ಲಿ ಸಂಪನ್ಮೂಲದ ಆರೋಗ್ಯವನ್ನು ಅಂದಾಜಿಸಲು ಬಳಸುವ ಒಂದು ಪ್ರಮುಖ ಸೂಚಕವೆಂದರೆ, ಪ್ರಯತ್ನದ ಒಂದು ಘಟಕಕ್ಕೆ ಎಷ್ಟು ಇಳುವರಿ ಸಿಕ್ಕಿತು ಎಂಬುದು. ಸಿಕ್ಕ ಮೀನಿನ ತೂಕವನ್ನು ಪ್ರಯತ್ನದಿಂದ ಭಾಗಿಸಬೇಕು. ಆ ಪ್ರಯತ್ನವನ್ನು ಸಾಮಾನ್ಯವಾಗಿ ದೋಣಿಯ ದಿನಗಳಲ್ಲಿ, ಬಲೆಯ ಗಂಟೆಗಳಲ್ಲಿ ಲೆಕ್ಕ ಹಾಕುತ್ತಾರೆ. ಆದರೆ ಸಮುದ್ರದ ನೀರು ಇಳಿಯುವ ಇಳಿತದ ಹೊತ್ತಿಗೆ ನಡೆದುಕೊಂಡೇ ಹೋಗಿ, ಮೊಣಕಾಲುದ್ದ ನೀರಿನಲ್ಲಿ ಬಗ್ಗಿ ಕೈಯಿಂದಲೇ ಬಳಚು ಹೆಕ್ಕುವ ಹೆಂಗಸಿಗೆ ದೋಣಿಯೂ ಇಲ್ಲ, ಬಲೆಯೂ ಇಲ್ಲ. ಹಾಗಿರುವಾಗ ಭಾಜಕದಲ್ಲಿ ಏನನ್ನು ಬರೆಯುವುದು?

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಇಡೀ ಸಂಶೋಧನೆಯ ಹೆಣಿಗೆ ಈ ಭಾಜಕದಲ್ಲೇ ಇದೆ. ಉದಾಹರಣೆಗೆಂದು ಒಂದು ಲೆಕ್ಕ ಹಾಕೋಣ. ಒಬ್ಬ ಹೆಂಗಸು ಮೂರು ಗಂಟೆ ಹೆಕ್ಕಿ ಆರು ಕಿಲೋ ಬಳಚು ತಂದಳು ಎಂದುಕೊಂಡರೆ ಗಂಟೆಗೆ ಎರಡು ಕಿಲೋ ಆಯಿತು. ಹೋಗಿಬರುವ ನಡಿಗೆಗೆ ಒಂದು ಗಂಟೆ, ತೊಳೆದು ವಿಂಗಡಿಸುವುದಕ್ಕೆ ಒಂದು ಗಂಟೆ, ಪೇಟೆಯಲ್ಲಿ ಕೂತು ಮಾರುವುದಕ್ಕೆ ಒಂದು ಗಂಟೆ ಸೇರಿಸಿದರೆ ಆರು ಗಂಟೆಗೆ ಆರು ಕಿಲೋ, ಅಂದರೆ ಗಂಟೆಗೆ ಒಂದೇ ಕಿಲೋ. ನೀರಿಳಿದಾಗ ತೆರೆದುಕೊಳ್ಳುವ ದಿಬ್ಬಗಳಲ್ಲಿ ಬಳಚು ಸಿಗುತ್ತದೆ; ಮುಂದಿನ ವರ್ಷ ಹತ್ತಿರದ ದಿಬ್ಬ ಬರಿದಾಗಿ ಅವಳು ಇನ್ನೆರಡು ಗಂಟೆ ಹೆಚ್ಚು ತಿರುಗಿ ದೂರದ ದಿಬ್ಬಕ್ಕೆ ಹೋಗಬೇಕಾಯಿತು ಎನ್ನಿ. ದಿಬ್ಬದ ಮೇಲೆ ನಿಂತು ಗಡಿಯಾರ ನೋಡುವ ವಿದ್ಯಾರ್ಥಿಯ ಪುಸ್ತಕದಲ್ಲಿ ಈಗಲೂ ಗಂಟೆಗೆ ಎರಡು ಕಿಲೋ ಎಂದೇ ಇರುತ್ತದೆ. ಅವಳ ಒಟ್ಟು ದುಡಿಮೆಯ ಲೆಕ್ಕದಲ್ಲಿ ಅದು ಮುಕ್ಕಾಲು ಕಿಲೋಗೆ ಇಳಿದಿರುತ್ತದೆ. ಸಂಪನ್ಮೂಲ ಕುಸಿಯುತ್ತಿದ್ದರೂ ಸೂಚಕ ಸ್ಥಿರವಾಗಿ ಕಾಣುವ ಈ ಮೋಸ ಮೀನುಗಾರಿಕಾ ವಿಜ್ಞಾನಕ್ಕೆ ಹೊಸದೇನಲ್ಲ. ಅದನ್ನು ಹಿಡಿಯುವ ಒಂದು ದಾರಿ, ಕೂಲಿಯಿಲ್ಲದ ದುಡಿಮೆಯನ್ನೂ ದುಡಿಮೆಯೆಂದೇ ಎಣಿಸಬೇಕೆಂಬ ಸ್ತ್ರೀವಾದಿ ಒತ್ತಾಯದಿಂದ ನಮಗೆ ಸಿಗುತ್ತದೆ.

ಸಂಶೋಧನೆಯನ್ನು ಕೆಳಗಿನವರ ಬದುಕಿನಿಂದ ಆರಂಭಿಸಿದರೆ ವಸ್ತುನಿಷ್ಠತೆ ಕುಗ್ಗುವುದಿಲ್ಲ, ಬದಲಿಗೆ ಬಲಗೊಳ್ಳುತ್ತದೆ ಎಂದು ಸ್ತ್ರೀವಾದಿ ತತ್ತ್ವಜ್ಞಾನಿ ಸಾಂಡ್ರಾ ಹಾರ್ಡಿಂಗ್ ವಾದಿಸಿದ್ದು ಇದೇ ಅರ್ಥದಲ್ಲಿ. ತತ್ತ್ವಶಾಸ್ತ್ರದ ಆ ಮಾತು ಭಾಗಾಕಾರದ ಲೆಕ್ಕಕ್ಕೆ ಇಳಿದಾಗಲೇ ವಿಜ್ಞಾನದ ಸಹೋದ್ಯೋಗಿಗಳಿಗೆ ಒಪ್ಪಿಗೆಯಾಗುತ್ತದೆ ಎಂಬುದು ನನ್ನ ಅನುಭವ.

ಹೀಗಾಗಿ ನಮ್ಮ ಪ್ರಶ್ನೆಯನ್ನು ಈ ರೀತಿ ಬರೆಯಬಹುದು: ಮಳೆಗಾಲ ಮುಗಿದ ಮೇಲೆ ಅಳಿವೆಯ ಬೇರೆ ಬೇರೆ ದಿಬ್ಬಗಳಲ್ಲಿ ಬಳಚಿನ ಸಾಂದ್ರತೆ ಮತ್ತು ಗಾತ್ರ ಹೇಗೆ ಬದಲಾಗುತ್ತವೆ, ಆ ಬದಲಾವಣೆಯಿಂದ ಹೆಂಗಸರ ಒಟ್ಟು ದುಡಿಮೆಯ ಒಂದು ಗಂಟೆಗೆ ಸಿಗುವ ಫಲ ಹೇಗೆ ಏರಿಳಿಯುತ್ತದೆ, ಮತ್ತು ಆ ದುಡಿಮೆಯ ಯಾವ ಭಾಗವನ್ನು ಒಂದು ಉಪಕರಣ ಹಗುರ ಮಾಡಬಲ್ಲದು? ಮೂರು ವಿಭಾಗಗಳಿಗೂ ಇಲ್ಲಿ ಕೆಲಸವಿದೆ, ಒಬ್ಬರ ಉತ್ತರವಿಲ್ಲದೆ ಇನ್ನೊಬ್ಬರ ಕೆಲಸ ಮುಂದೆ ಹೋಗುವುದಿಲ್ಲ.

ಓದು ಮತ್ತು ಒಪ್ಪಿಗೆ

ಹಿಂದಿನ ಸಂಶೋಧನೆಯನ್ನು ಹುಡುಕುವಾಗ ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಸಂಗ್ರಹಿಸುವ ಶೋಧಗಂಗಾ ಜಾಲತಾಣದಲ್ಲಿರುವ ಪಿಎಚ್‌.ಡಿ. ಪ್ರಬಂಧಗಳಿಂದ ಆರಂಭಿಸುವುದು ಒಳ್ಳೆಯದು. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗ, ಕಾರವಾರದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ, ಶಿರಸಿಯ ಅರಣ್ಯ ಕಾಲೇಜು, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ ಇವು ಈ ಜಿಲ್ಲೆಯ ಬಗ್ಗೆ ದಶಕಗಳಿಂದ ಕೆಲಸ ಮಾಡಿವೆ. ವೈಜ್ಞಾನಿಕ ಹೆಸರುಗಳ ಜೊತೆಗೆ ಊರ ಹೆಸರುಗಳನ್ನೂ ಹುಡುಕಬೇಕು. ಬಳಚು, ಚಿಪ್ಪೆಕಲ್ಲು, ಕೊಂಕಣಿಯ ತಿಸ್ರ್ಯೊ ಎಂಬ ಹೆಸರುಗಳು ಊರಿನಿಂದ ಊರಿಗೆ ಬೇರೆ ಬೇರೆ ಜಾತಿಯ ಜೀವಿಯನ್ನು ಸೂಚಿಸಬಹುದಾದ್ದರಿಂದ, ಚಿಪ್ಪನ್ನು ಕೈಯಲ್ಲಿಟ್ಟು ತೋರಿಸದೆ ಯಾವ ಹೆಸರನ್ನೂ ಖಚಿತಪಡಿಸಿಕೊಳ್ಳಬಾರದು.

1883ರಲ್ಲಿ ಪ್ರಕಟವಾದ ಬಾಂಬೆ ಪ್ರೆಸಿಡೆನ್ಸಿಯ ಕೆನರಾ ಗೆಜೆಟಿಯರ್ ಸಂಪುಟದಂತಹ ಹಳೆಯ ದಾಖಲೆಗಳನ್ನು ಓದುವಾಗ ಅವನ್ನು ಯಾರು, ಯಾರಿಂದ ಕೇಳಿ ಬರೆದರು ಎಂಬ ಪ್ರಶ್ನೆ ಮನಸ್ಸಿನಲ್ಲಿರಲಿ. ಗಂಡಸು ಅಧಿಕಾರಿಗಳು ಗಂಡಸರನ್ನೇ ಕೇಳಿ ಬರೆದ ವಿವರಗಳಲ್ಲಿ ಹೆಂಗಸರ ಕಸುಬು ಕಾಣದಿದ್ದರೆ, ಆ ಕಸುಬು ಇರಲಿಲ್ಲ ಎಂದು ಅರ್ಥ ಮಾಡಿಕೊಳ್ಳಬಾರದು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತದೆ, ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದಶಕಗಟ್ಟಲೆ ದುಡಿದು, ಯಾವ ಮರದ ಬೀಜವನ್ನು ಯಾವಾಗ ಆಯಬೇಕೆಂಬ ತಿಳಿವಳಿಕೆ ಗಳಿಸಿದವರು. ಪದ್ಮಶ್ರೀ ಬಂದ ಮೇಲೆ ನಾಡು ಅವರನ್ನು ಗುರುತಿಸಿತು. ಅದಕ್ಕೆ ಮೊದಲೂ ಆ ಜ್ಞಾನ ಅಷ್ಟೇ ನಿಜವಾಗಿತ್ತು. ಸಾಹಿತ್ಯ ಸಮೀಕ್ಷೆಯ ಅಧ್ಯಾಯದಲ್ಲಿ ಇಂತಹ ಜ್ಞಾನಕ್ಕೂ ಒಂದು ಸ್ಥಾನ ಮೀಸಲಿಡಬೇಕು.

ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ, 2002ರ ಜೀವವೈವಿಧ್ಯ ಕಾಯ್ದೆಯಡಿ ರಚನೆಯಾದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯರನ್ನು ಕಂಡು ಮಾತನಾಡಬೇಕು. ಕಾಂಡ್ಲಾ ಇರುವ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿಯನ್ನೂ ಕೇಳಿಕೊಳ್ಳಬೇಕು. ಬೆನ್ನುನೋವು, ಚರ್ಮದ ಹುಣ್ಣು ಮುಂತಾದ ಆರೋಗ್ಯದ ಪ್ರಶ್ನೆಗಳನ್ನು ಸೇರಿಸುವ ಯೋಚನೆಯಿದ್ದರೆ ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಮೊದಲೇ ಬೇಕು. ಓದುಬರಹ ಬಾರದವರಿಂದ ಒಪ್ಪಿಗೆ ಪಡೆಯುವಾಗ ಸಂಶೋಧಕರಿಗೆ ಸಂಬಂಧವಿಲ್ಲದ, ಓದುಬಲ್ಲ ಸಾಕ್ಷಿಯೊಬ್ಬರು ಇರಬೇಕು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಆ ಸಾಕ್ಷಿ ಬಳಚು ಕೊಳ್ಳುವ ವ್ಯಾಪಾರಿಯಾಗಲಿ, ಅವರಿಗೆ ಸಾಲ ಕೊಟ್ಟವರಾಗಲಿ ಆಗಿರಕೂಡದು ಎಂಬುದನ್ನು ಮಾರ್ಗಸೂಚಿಗಿಂತ ಸಾಮಾನ್ಯ ವಿವೇಕವೇ ಹೇಳುತ್ತದೆ.

ದಿಬ್ಬದ ಮೇಲಿನ ಕೆಲಸ

ಅಳಿವೆಯ ಬಾಯಿಯಿಂದ ಮೇಲಕ್ಕೆ, ತದಡಿಯ ಸುತ್ತಿನಿಂದ ಮಿರ್ಜಾನ್, ದೀವಗಿಯ ಕಡೆಗೆ, ಉಪ್ಪಿನಂಶ ಕಡಿಮೆಯಾಗುತ್ತಾ ಹೋಗುವಂತೆ ನಿಲ್ದಾಣಗಳನ್ನು ಆಯ್ದುಕೊಳ್ಳಬೇಕು. ಪಾಫಿಯಾ ಮಲಬಾರಿಕಾದಂತಹ ಬಳಚು ಜಾತಿಗಳು ಸಮುದ್ರದ ಉಪ್ಪಿಗೆ ಹತ್ತಿರ ಇರುತ್ತವೆ, ವಿಲ್ಲೊರಿಟಾ ಸಿಪ್ರಿನಾಯ್ಡೀಸ್ ಎಂಬ ಜಾತಿ ಉಪ್ಪು ಕಡಿಮೆಯಿರುವ ಮೇಲ್ಭಾಗವನ್ನು ಹಿಡಿಯುತ್ತದೆ. ಆದ್ದರಿಂದ ಒಂದೇ ಊರಿನ ದಿಬ್ಬವನ್ನು ಅಳೆದು ಇಡೀ ಅಳಿವೆಯ ಬಗ್ಗೆ ಬರೆಯುವಂತಿಲ್ಲ. ಯಾವ ದಿಬ್ಬಗಳು ಎಂಬುದನ್ನು ನಕ್ಷೆ ನೋಡಿ ನಿರ್ಧರಿಸುವುದಕ್ಕಿಂತ, ಹೆಕ್ಕುವವರನ್ನು ಕೇಳಿಕೊಂಡು ಅವರು ಈಗ ಹೋಗುವ ದಿಬ್ಬ, ಹಿಂದೆ ಹೋಗುತ್ತಿದ್ದು ಈಗ ಬಿಟ್ಟಿರುವ ದಿಬ್ಬ, ಎಂದೂ ಹೋಗದ ದಿಬ್ಬ ಈ ಮೂರೂ ಬಗೆಯವು ಬರುವಂತೆ ಆರಿಸಬೇಕು. ಒಂದು ದಿಬ್ಬವನ್ನು ಅವರು ಬಿಟ್ಟ ಕಾರಣವೇ ಅನೇಕ ವೇಳೆ ಸಂಶೋಧನೆಯ ಮುಖ್ಯ ಭಾಗವಾಗುತ್ತದೆ.

ಎಣಿಕೆಗೆ 50 ಸೆಂಟಿಮೀಟರ್ ಬದಿಯ ಚೌಕಟ್ಟು ಸಾಕು. ಅದನ್ನು ಯಾದೃಚ್ಛಿಕವಾಗಿ ಇಟ್ಟು, ಒಳಗಿನ ಕೆಸರನ್ನು ಗೊತ್ತುಪಡಿಸಿದ ಆಳದವರೆಗೆ ತೆಗೆದು, ಜರಡಿಯಲ್ಲಿ ತೊಳೆದು, ಸಿಕ್ಕ ಪ್ರತಿಯೊಂದು ಬಳಚಿನ ಉದ್ದವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಬೇಕು. ಎಣಿಕೆಯನ್ನು ನಾಲ್ಕರಿಂದ ಗುಣಿಸಿದರೆ ಚದರ ಮೀಟರಿನ ಸಾಂದ್ರತೆ ಬರುತ್ತದೆ. ಅಳೆದು ಮುಗಿದ ಮೇಲೆ ಬಳಚುಗಳನ್ನು ಅದೇ ಜಾಗಕ್ಕೆ ಮರಳಿ ಬಿಡುವುದನ್ನು ಮರೆಯಬಾರದು, ಅದು ಇನ್ನೊಬ್ಬರ ಊಟ.

ಉಪ್ಪಿನಂಶಕ್ಕೆ ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಬಳಸಬಹುದು. ಭಟ್ಟಿ ಇಳಿಸಿದ ನೀರಿನ ಎರಡು ಹನಿ ಹಾಕಿ ಸೊನ್ನೆಗೆ ಹೊಂದಿಸಿಕೊಂಡು, ಗಾಜನ್ನು ಒರೆಸಿ, ಆಮೇಲೆ ಮಾದರಿಯ ನೀರು ಹಾಕಿ ಬೆಳಕಿಗೆ ಹಿಡಿದರೆ, ನೀಲಿ ಬಿಳಿ ಸೇರುವ ಗೆರೆಯಲ್ಲಿ ಸಾವಿರಕ್ಕೆ ಎಷ್ಟು ಎಂಬ ಸಂಖ್ಯೆ ಸಿಗುತ್ತದೆ. ತೆರೆದ ಸಮುದ್ರದಲ್ಲಿ ಅದು 35ರ ಆಸುಪಾಸು ಇರುತ್ತದೆ. ಮಾದರಿಯನ್ನು ಮೇಲ್ಪದರದಿಂದ ತುಂಬಿಕೊಳ್ಳುವುದು ಸುಲಭವಾದರೂ ಅದರಿಂದ ಪ್ರಯೋಜನವಿಲ್ಲ. ಉಪ್ಪುನೀರು ಭಾರವಾಗಿದ್ದು ತಳದಲ್ಲಿ ಹರಿಯುತ್ತದೆ, ಸಿಹಿನೀರು ಮೇಲೆ ತೇಲುತ್ತದೆ, ಬಳಚು ಇರುವುದು ತಳದಲ್ಲಿ. ಮುಚ್ಚಳ ಹಾಕಿದ ಬಾಟಲಿಯನ್ನು ತಳಕ್ಕೆ ಇಳಿಸಿ ಅಲ್ಲಿಯೇ ಮುಚ್ಚಳ ತೆಗೆದು ತುಂಬಿಸಿಕೊಳ್ಳಬೇಕು.

ಹೊತ್ತಿನ ವಿಷಯ ಇನ್ನೂ ಮುಖ್ಯ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಇಳಿತಗಳು ಬರುತ್ತವೆ ಮತ್ತು ಅವು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ನೀರು ಹೆಚ್ಚು ಇಳಿದು ದಿಬ್ಬಗಳು ಹೆಚ್ಚು ತೆರೆದುಕೊಳ್ಳುತ್ತವೆ. ಕಾಲೇಜಿನ ವೇಳಾಪಟ್ಟಿಗೆ ಹೊಂದಿಸಿ ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೋಗುವ ತಂಡಕ್ಕೆ ಕೆಲವು ವಾರ ದಿಬ್ಬವೇ ಕಾಣುವುದಿಲ್ಲ. ಹೆಂಗಸರ ದಿನ ಮಾತ್ರ ಈ ಜಾರುವ ಗಡಿಯಾರಕ್ಕೂ, ಅಡುಗೆ, ಮಕ್ಕಳ ಶಾಲೆ, ದನಕರುಗಳ ಸ್ಥಿರ ಗಡಿಯಾರಕ್ಕೂ ಒಟ್ಟಿಗೆ ಹೊಂದಿಕೊಂಡು ನಡೆಯಬೇಕು. ಇವೆರಡೂ ಡಿಕ್ಕಿ ಹೊಡೆಯುವ ದಿನಗಳಲ್ಲಿ ಯಾರು ಹೆಕ್ಕಲು ಬರುವುದಿಲ್ಲ ಎಂಬುದನ್ನೂ ಕ್ಷೇತ್ರ ಪುಸ್ತಕದಲ್ಲಿ ಬರೆಯಬೇಕು. ಬಾರದವರ ಸಾಲು ಖಾಲಿ ಬಿಟ್ಟರೆ ಅದೂ ಒಂದು ದತ್ತಾಂಶ.

ಕ್ಷೇತ್ರ ಪುಸ್ತಕದಲ್ಲಿ ಅಳತೆಗೆ ಎರಡು ಕಂಬಸಾಲುಗಳಿರಲಿ. ಒಂದರಲ್ಲಿ ಕಿಲೋಗ್ರಾಂ, ಇನ್ನೊಂದರಲ್ಲಿ ಅವರು ಹೇಳಿದ ಬುಟ್ಟಿ, ಪಾಲು, ನೂರರ ಲೆಕ್ಕ. ಆಮೇಲೆ ಕೆಲವು ಪಾಲುಗಳನ್ನು ಅವರೆದುರಿಗೇ ತೂಗಿ ಪರಿವರ್ತನೆಯ ಸಂಖ್ಯೆ ಕಂಡುಕೊಳ್ಳಬೇಕು. ಬಳಚಿನ ಗಾತ್ರ ಸಣ್ಣದಾದಂತೆ ಅದೇ ಪಾಲಿನೊಳಗೆ ಎಷ್ಟು ಬಳಚು ಕೂರುತ್ತವೆ ಎಂಬುದು ಬದಲಾಗುವುದರಿಂದ, ಮಾರಾಟದ ಆ ಅಳತೆಯೇ ಸಂಪನ್ಮೂಲದ ಸ್ಥಿತಿಯ ಸೂಚಕವೂ ಆಗಬಲ್ಲದು.

ಕೇಳುವ ಬಗೆ

ಇಳಿತದ ಹೊತ್ತಿನಲ್ಲಿ ಯಾರನ್ನೂ ಸಂದರ್ಶನಕ್ಕೆ ನಿಲ್ಲಿಸಬಾರದು. ನಮ್ಮ ಅರ್ಧ ಗಂಟೆಯ ಪ್ರಶ್ನಾವಳಿ ಅವರ ಅರ್ಧ ಗಂಟೆಯ ಗಳಿಕೆಯನ್ನು ನುಂಗುತ್ತದೆ. ಬೇರೆ ಹೊತ್ತಿನಲ್ಲಿ ಕೂರಿಸಿಕೊಂಡು ಮಾತನಾಡುವಾಗಲೂ ಆ ಸಮಯಕ್ಕೆ ತಕ್ಕ ಕೂಲಿಯನ್ನು ಯೋಜನೆಯ ಆಯವ್ಯಯದಲ್ಲೇ ತೋರಿಸಿ ಕೊಡುವುದು ಸರಿಯಾದ ಕ್ರಮ. ಸ್ವಸಹಾಯ ಸಂಘದ ಸಭೆಯಲ್ಲಿ ಕೇಳಿದರೆ ಅಧ್ಯಕ್ಷೆ ಎಲ್ಲರ ಪರವಾಗಿ ಉತ್ತರಿಸುತ್ತಾರೆ, ಮನೆಯ ಜಗಲಿಯಲ್ಲಿ ಕೇಳಿದರೆ ಮಗನೋ ಗಂಡನೋ ಉತ್ತರಿಸುತ್ತಾರೆ; ಇಬ್ಬರು ಮೂವರು ಒಟ್ಟಿಗೆ ಬಳಚು ಬಿಡಿಸುತ್ತಾ ಕೂತಿರುವಾಗ ತಾವೂ ಕೈಹಾಕಿ ಕೂತು ‘ಅಕ್ಕಾ, ನಿನ್ನೆ ಎಷ್ಟು ಹೊತ್ತಿಗೆ ಎದ್ದಿರಿ?’ ಎಂದು ಆರಂಭಿಸಿದರೆ ಮಾತು ತಾನಾಗಿ ಬರುತ್ತದೆ.

ದಿನಚರಿ ದಾಖಲಿಸಲು 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ವಿಧಾನ ಒಳ್ಳೆಯ ಮಾದರಿ. ಅದು ಬೆಳಗಿನ ಜಾವ ನಾಲ್ಕರಿಂದ ಮರುದಿನ ನಾಲ್ಕರವರೆಗಿನ 24 ಗಂಟೆಗಳನ್ನು ಅರ್ಧ ಗಂಟೆಯ ತುಂಡುಗಳಾಗಿ ಕೇಳಿತು. ಮನೆವಾರ್ತೆಯ ಕೂಲಿಯಿಲ್ಲದ ಕೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷವನ್ನೂ, ಗಂಡಸರು 97 ನಿಮಿಷವನ್ನೂ ಅದಕ್ಕೆ ಕೊಡುತ್ತಾರೆ ಎಂದು ಆ ಸಮೀಕ್ಷೆ ತೋರಿಸಿತು. ಹಳ್ಳಿಯಲ್ಲಿ ಗಡಿಯಾರದ ಗಂಟೆ ಕೇಳುವುದಕ್ಕಿಂತ ಮೊದಲ ಬಸ್ಸು, ಮಸೀದಿಯ ಬಾಂಗು, ಶಾಲೆಯ ಗಂಟೆ ಇವುಗಳ ಗುರುತು ಹಿಡಿದು ಕೇಳಿ ಆಮೇಲೆ ಗಂಟೆಗೆ ಹೊಂದಿಸಿಕೊಳ್ಳುವುದು ಹೆಚ್ಚು ನಿಖರ. ಒಂದೇ ಹೊತ್ತಿನಲ್ಲಿ ಎರಡು ಕೆಲಸ ನಡೆಯುತ್ತಿದ್ದರೆ, ಉದಾಹರಣೆಗೆ ಮಗುವನ್ನು ನೋಡಿಕೊಳ್ಳುತ್ತಾ ಬಳಚು ವಿಂಗಡಿಸುತ್ತಿದ್ದರೆ, ಎರಡನ್ನೂ ಬರೆಯಬೇಕು.

ಉಪಕರಣದ ಪ್ರಶ್ನೆ

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಳಿವೆಯನ್ನು ನೋಡಿದ ಮೊದಲ ದಿನವೇ ಒಂದು ಯಂತ್ರವನ್ನು ಮನಸ್ಸಿನಲ್ಲಿ ಕಟ್ಟಿಬಿಡುತ್ತಾರೆ. ಸಮಯದ ದಿನಚರಿ ಕೈಗೆ ಬರುವವರೆಗೆ ಅವರನ್ನು ತಡೆದಿಡಬೇಕು. ದುಡಿಮೆಯ ಹೆಚ್ಚಿನ ಪಾಲು ಹೊರುವುದರಲ್ಲಿ, ತೊಳೆಯುವುದರಲ್ಲಿ ಹೋಗುತ್ತಿದೆ ಎಂದು ಗೊತ್ತಾದರೆ, ಕೆಸರು ಬಗೆಯುವ ಯಂತ್ರದಿಂದ ಯಾರಿಗೂ ಲಾಭವಿಲ್ಲ; ತೇಲುವ ಬುಟ್ಟಿಯೋ, ಸಣ್ಣ ಬಳಚು ತಾನಾಗಿ ಉದುರಿ ನೀರಿಗೆ ಮರಳುವ ಜರಡಿತಳದ ತಟ್ಟೆಯೋ ಸಾಕಾಗಬಹುದು. ಕೈ ಕೊಯ್ಯದಿರಲೆಂದು ದಪ್ಪ ಕೈಗವಸು ಮಾಡಿಕೊಟ್ಟರೆ, ಕಲಕಿದ ನೀರಿನಡಿ ಬಳಚನ್ನು ಗುರುತಿಸುವ ಬೆರಳಿನ ಸ್ಪರ್ಶ ಉಳಿಯುತ್ತದೆಯೇ ಎಂದು ಅವರಿಂದಲೇ ಪರೀಕ್ಷೆ ಮಾಡಿಸಬೇಕು.

ಪರೀಕ್ಷೆಯ ವಿನ್ಯಾಸದಲ್ಲಿ ಎಚ್ಚರ ಬೇಕು. ಸೋಮವಾರ ಹಳೆಯ ಬುಟ್ಟಿ, ಮಂಗಳವಾರ ಹೊಸ ಬುಟ್ಟಿ ಎಂದು ಮಾಡಿದರೆ ನೀವು ಅಳೆಯುವುದು ಬುಟ್ಟಿಯನ್ನೋ ಇಳಿತವನ್ನೋ ತಿಳಿಯುವುದಿಲ್ಲ. ಒಬ್ಬರೇ ಒಂದೇ ಇಳಿತದಲ್ಲಿ ಎರಡನ್ನೂ ಸರದಿಯಂತೆ ಬಳಸಬೇಕು, ಯಾರು ಯಾವುದನ್ನು ಮೊದಲು ಬಳಸುತ್ತಾರೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಬೇಕು. ಒಲೆಗಳ ಸಂಶೋಧನೆಯಲ್ಲಿ ಪ್ರಯೋಗಾಲಯದ ನೀರು ಕುದಿಸುವ ಪರೀಕ್ಷೆ ಬೇರೆ, ಮನೆಯ ಅಡುಗೆಯಲ್ಲಿ ಹಲವು ದಿನ ಸೌದೆ ತೂಗುವ ಪರೀಕ್ಷೆ ಬೇರೆ ಎಂದು ಇಟ್ಟಿದ್ದು, ಉಪಕರಣ ನಿಜವಾದ ಬಳಕೆಯಲ್ಲಿ ಬೇರೆ ರೀತಿ ನಡೆಯಬಹುದೆಂಬ ಕಾರಣಕ್ಕೆ. ಎರಡರ ಫಲಿತಾಂಶಗಳು ಅನೇಕ ವೇಳೆ ಹೊಂದುವುದಿಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಕಡೆ ಇದೇ ಬಗೆಯ ಅಧ್ಯಯನ ಮಾಡಬಯಸುವವರಿಗೆ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವ ಹೆಂಗಸರ ಕೆಲಸ ಮತ್ತು ಸುಲಿಯುವ ಯಂತ್ರದ ಪ್ರವೇಶ ಒಳ್ಳೆಯ ವಿಷಯ. ಯಂತ್ರ ಗಂಟೆಗೆ ಎಷ್ಟು ಸುಲಿಯುತ್ತದೆ ಎಂಬುದರ ಜೊತೆಗೆ, ಅದನ್ನು ಯಾರು ಕೊಂಡರು, ಯಾರು ನಡೆಸುತ್ತಾರೆ, ಸುಲಿಯುವ ಕೂಲಿ ಕಳೆದುಕೊಂಡವರು ಯಾರು ಎಂಬುದನ್ನೂ ಅಳೆಯಬೇಕಾಗುತ್ತದೆ.

ನಿಯಮಗಳ ಬಗ್ಗೆ ಶಿಫಾರಸು ಮಾಡುವಾಗಲೂ ಇದೇ ಪ್ರಶ್ನೆ ಏಳುತ್ತದೆ. ಕೇರಳದ ಅಷ್ಟಮುಡಿ ಸರೋವರದ ಬಳಚು ಮೀನುಗಾರಿಕೆ 2014ರಲ್ಲಿ, ಸುಸ್ಥಿರ ಮೀನುಗಾರಿಕೆಗೆ ಕೊಡುವ ಅಂತರರಾಷ್ಟ್ರೀಯ ಎಂಎಸ್‌ಸಿ (ಮೆರೈನ್ ಸ್ಟುವರ್ಡ್‌ಶಿಪ್ ಕೌನ್ಸಿಲ್) ಪ್ರಮಾಣಪತ್ರ ಪಡೆದು ಭಾರತಕ್ಕೆ ಮೊದಲನೆಯದಾಯಿತು. ಸಂತಾನೋತ್ಪತ್ತಿಯ ತಿಂಗಳುಗಳಲ್ಲಿ ಹಿಡಿಯುವುದನ್ನು ನಿಲ್ಲಿಸುವುದು, ಬಲೆಯ ಕಣ್ಣಿನ ಅಳತೆ ನಿಗದಿಪಡಿಸುವುದು ಅಲ್ಲಿನ ಕ್ರಮಗಳು. ಅವನ್ನೇ ಇಲ್ಲಿ ಸೂಚಿಸುವುದಾದರೆ, ನಿಲ್ಲಿಸಿದ ತಿಂಗಳುಗಳಲ್ಲಿ ದಿನಗೂಲಿಯಂತೆ ಬಳಚನ್ನೇ ನಂಬಿದ ಮನೆಗಳಿಗೆ ಏನು ದಾರಿ ಎಂಬುದಕ್ಕೆ ನಿಮ್ಮ ದಿನಚರಿಯ ದತ್ತಾಂಶದಿಂದಲೇ ಉತ್ತರ ಕೊಡಬೇಕು.

ತಂಡದೊಳಗಿನ ಶಿಕ್ಷಣ

ಕ್ಷೇತ್ರಕಾರ್ಯದಲ್ಲಿ ಹುಡುಗರು ಚೌಕಟ್ಟು ಮತ್ತು ಉಪಕರಣ ಹಿಡಿಯುವುದು, ಹುಡುಗಿಯರು ಚೆಂದದ ಅಕ್ಷರದ ನೆಪದಲ್ಲಿ ಪುಸ್ತಕ ಹಿಡಿಯುವುದು ಯಾರೂ ಹೇಳದೆಯೇ ನಡೆದುಬಿಡುತ್ತದೆ. ಪಾಳಿಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಇದು ನಿಲ್ಲುತ್ತದೆ, ಉಪನ್ಯಾಸದಿಂದ ನಿಲ್ಲುವುದಿಲ್ಲ. ಶೌಚಾಲಯವಿರುವ ಜಾಗ, ಬಟ್ಟೆ ಬದಲಿಸುವ ಜಾಗ, ಸಂಜೆ ಮರಳುವ ವಾಹನ ಇವುಗಳನ್ನು ಪ್ರಸ್ತಾವನೆಯಲ್ಲೇ ಬರೆದು ಹಣ ಕೇಳಬೇಕು.

ಫಲಿತಾಂಶವನ್ನು ಊರಿಗೆ ಒಯ್ಯುವಾಗ 1980ರ ದಶಕದ ಕೊನೆಯಲ್ಲಿ ಕರ್ನಾಟಕವೂ ಸೇರಿ ಮೂರು ರಾಜ್ಯಗಳಲ್ಲಿ ಆರಂಭವಾದ, ಗ್ರಾಮೀಣ ಹೆಂಗಸರ ಶಿಕ್ಷಣಕ್ಕಾಗಿಯ ಮಹಿಳಾ ಸಮಖ್ಯಾ ಕಾರ್ಯಕ್ರಮದ ಒಂದು ರೂಢಿ ಅನುಕರಣೀಯ: ಕಲಿಕೆಯ ವೇಗವನ್ನೂ ವಿಷಯವನ್ನೂ ಸಂಘದ ಹೆಂಗಸರ ಪ್ರಶ್ನೆಗಳೇ ನಿರ್ಧರಿಸಬೇಕು. ಗ್ರಾಫನ್ನು ತೆರೆಯ ಮೇಲೆ ತೋರಿಸಿ ವಿವರಿಸುವ ಬದಲು, ಪ್ರತಿ ದಿಬ್ಬಕ್ಕೆ ಒಂದು ಪಾತ್ರೆಯಂತೆ ಇಟ್ಟು, ಸಾಂದ್ರತೆಗೆ ತಕ್ಕಷ್ಟು ಚಿಪ್ಪು ಹಾಕಿ, ‘ಇದು ಸರಿಯೇ?’ ಎಂದು ಕೇಳಬೇಕು. ಅವರು ಚಿಪ್ಪುಗಳನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ತೆಗೆದು ಹಾಕಿದರೆ ಅದನ್ನು ಭಿನ್ನಾಭಿಪ್ರಾಯವೆಂದು ವರದಿಯಲ್ಲಿ ದಾಖಲಿಸಿ, ಆ ದಿಬ್ಬವನ್ನು ಮತ್ತೆ ಅಳೆಯಬೇಕು.

ಬರವಣಿಗೆ ಮತ್ತು ದತ್ತಾಂಶ

ವಿಶ್ಲೇಷಣೆಯಲ್ಲಿ ಒಂದೇ ಊರಿನ ಹೆಂಗಸರನ್ನು, ಒಂದೇ ದಿನದ ಚೌಕಟ್ಟುಗಳನ್ನು ಪರಸ್ಪರ ಸ್ವತಂತ್ರ ಮಾದರಿಗಳೆಂದು ಎಣಿಸಬಾರದು. ಊರು ಮತ್ತು ದಿನವನ್ನು ಗುಂಪುಗಳಾಗಿ ಪರಿಗಣಿಸುವ ಮಿಶ್ರ ಮಾದರಿಯನ್ನು ಸಂಖ್ಯಾಶಾಸ್ತ್ರದವರ ನೆರವಿನಿಂದ ಬಳಸಬೇಕು. ಯುಜಿಸಿಯ 2018ರ ನಿಯಮದಂತೆ ಬೇರೆಯವರ ಬರಹಗಳೊಂದಿಗಿನ ಸಾಮ್ಯತೆ ಶೇ 10 ಮೀರಿದರೆ ಪ್ರಬಂಧಕ್ಕೆ ತೊಡಕಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ವಿಸ್ತರಿಸುವುದಿಲ್ಲ.

ಹೆಸರು ಮರೆಮಾಡಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. ಸಣ್ಣ ಊರಿನಲ್ಲಿ ವಯಸ್ಸು, ಸಮುದಾಯ, ವೈಧವ್ಯ ಮೂರನ್ನೂ ಒಟ್ಟಿಗೆ ಬರೆದರೆ ಓದಿದವರೆಲ್ಲ ಯಾರೆಂದು ಹೇಳಿಬಿಡುತ್ತಾರೆ. ಬಳಚು ಹೇರಳವಾಗಿರುವ ದಿಬ್ಬಗಳ ಜಿಪಿಎಸ್ ನಿರ್ದೇಶಾಂಕಗಳನ್ನು ಪ್ರಕಟಿಸಿದರೆ ಹೊರಗಿನಿಂದ ದೋಣಿಗಳು ಬರುವ ದಾರಿ ತೋರಿಸಿದಂತಾಗುತ್ತದೆ. ಪ್ರಕಟಿತ ದತ್ತಾಂಶದಲ್ಲಿ ಜಾಗವನ್ನು ಒರಟಾಗಿ ಮಾತ್ರ ಸೂಚಿಸಿ, ನಿಖರ ನಕ್ಷೆಯ ಪ್ರತಿಯನ್ನು ಊರಿನ ಸಮಿತಿಯ ಬಳಿ ಇಟ್ಟು, ಅದನ್ನು ಯಾರಿಗೆ ಕೊಡಬೇಕೆಂಬ ತೀರ್ಮಾನವನ್ನು ಹೆಕ್ಕುವವರೇ ಮಾಡುವಂತೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ದಿಬ್ಬಗಳನ್ನು ಗುರುತಿಸಿಕೊಟ್ಟವರು, ಉಪಕರಣವನ್ನು ತಿದ್ದಿದವರು ಒಪ್ಪಿದರೆ ಅವರ ಹೆಸರುಗಳನ್ನು ಕೃತಜ್ಞತೆಯ ಸಾಲಿನಲ್ಲಿ ಸೇರಿಸಿ ಬಿಡದೆ ಸಹಲೇಖಕರಾಗಿ ಸೇರಿಸುವ ಬಗ್ಗೆ, ಲೇಖನವನ್ನು ಪತ್ರಿಕೆಗೆ ಕಳುಹಿಸುವ ಮೊದಲೇ ತಂಡದಲ್ಲಿ ಚರ್ಚಿಸಿ ನಿರ್ಧರಿಸಿಕೊಳ್ಳಬೇಕು.